ಯಶವಂತಪುರದ ಹಿತ್ತಲಲ್ಲಿ ಕಲಿತ ಉಸಿರು

ಉಬ್ಬಸದವರನ್ನು ನೋಡಿದ ಕೂಡಲೇ ಜನ ಬಾಗಿಲು ತೆಗೆಯುತ್ತಾರೆ, ಬೀಸಣಿಗೆ ಹುಡುಕುತ್ತಾರೆ, "ಜೋರಾಗಿ ಎಳ್ಕೊ, ಎಳ್ಕೊ" ಎಂದು ಬೆನ್ನು ತಟ್ಟುತ್ತಾರೆ. ಪಾಪ, ಒಳ್ಳೆಯ ಮನಸ್ಸಿನಿಂದಲೇ ಮಾಡುತ್ತಾರೆ. ಆದರೆ ನನ್ನ ಕಷ್ಟವೆಲ್ಲ ಇದ್ದದ್ದು ಒಳಗೆ ಹೋದ ಉಸಿರನ್ನು ಹೊರಗೆ ಕಳಿಸುವುದರಲ್ಲಿ. ಹಳೆಯ ಉಸಿರು ಎದೆಯಲ್ಲಿ ಠಿಕಾಣಿ ಹೂಡಿಬಿಡುತ್ತಿತ್ತು, ಹೊಸದಕ್ಕೆ ಜಾಗ ಬಿಡುತ್ತಿರಲಿಲ್ಲ. ಇದನ್ನು ನನಗೆ ಬಿಡಿಸಿ ಹೇಳಿದ್ದು ಯಶವಂತಪುರದ ಪೇಟೆ ಬೀದಿಯಲ್ಲಿ ಹಲ್ಲು ಕಟ್ಟುತ್ತಿದ್ದ ಚೀನೀಯರ ಮನೆಯ ಅಜ್ಜಿ. ಆಕೆಯ ಹೆಸರೇನೆಂದು ನಾನು ಒಂದು ದಿನವೂ ಕೇಳಲಿಲ್ಲ. ಅಜ್ಜಿ ಎನ್ನುತ್ತಿದ್ದೆ, ಆಕೆ ಓಗೊಡುತ್ತಿದ್ದರು.

ನನಗೀಗ ಎಂಬತ್ತು ದಾಟಿದೆ. ಉಬ್ಬಸ ಇನ್ನೂ ಜೊತೆಗಿದೆ. ಇಷ್ಟು ವರ್ಷ ಸಂಸಾರ ಮಾಡಿದ ಮೇಲೆ ಅದಕ್ಕೂ ನನಗೂ ಒಂದು ಒಪ್ಪಂದವಾಗಿದೆ. ಮೊನ್ನೆ ಮೊಮ್ಮಗಳು ಫೋನಿನಲ್ಲಿ ಏನೋ ತೋರಿಸಿದಳು. ಯಾವುದೋ ಪಾರ್ಕಿನಲ್ಲಿ ಹತ್ತಿಪ್ಪತ್ತು ಜನ ಕೈಗಳನ್ನು ದುಂಡಗೆ ಮಾಡಿಕೊಂಡು ಸುಮ್ಮನೆ ನಿಂತಿದ್ದರು. "ಇದಕ್ಕೆ ಚೀಗಾಂಗ್ ಅಂತಾರೆ. ನೀನು ದಿನಾ ಹಿತ್ತಲಲ್ಲಿ ಮಾಡೋದು ಇದೇ ಅಲ್ವಾ?" ಎಂದಳು. ಇದೇ. ನಾವು ಅದನ್ನು 'ನಿಲ್ಲೋದು' ಎನ್ನುತ್ತಿದ್ದೆವು, ಅಷ್ಟೇ. ಬರೆದಿಡು ಎಂದು ಅವಳು ಗಂಟುಬಿದ್ದಳು. ಉಬ್ಬಸ ಇರುವ ಯಾರಾದರೂ ಓದಿ, ತಾನೊಬ್ಬಳೇ ಅಲ್ಲ ಎಂದುಕೊಂಡರೆ ಒಳ್ಳೆಯದೇ. ಅದಕ್ಕಿಂತ ಹೆಚ್ಚಾಗಿ, ಅಜ್ಜಿಗೆ ನಾನೊಂದು ಮಾತು ಹೇಳಬೇಕಿತ್ತು, ಹೇಳಲಿಲ್ಲ. ಆ ಸಂಕಟಕ್ಕೂ ಬರೆಯುತ್ತಿದ್ದೇನೆ.

ನನ್ನ ತವರು ಯಲಹಂಕದ ಪಕ್ಕದ ಪುಟ್ಟೇನಹಳ್ಳಿ. ಕೆರೆಯ ಕೆಳಗೆ ಒಂದಿಷ್ಟು ಗದ್ದೆ, ಮೇಲೆ ರಾಗಿ ಹೊಲ. ನಮ್ಮ ಯಜಮಾನರು ಯಶವಂತಪುರ ಸ್ಟೇಷನ್ನಿನ ಗೂಡ್ಸ್ ಶೆಡ್ಡಿನಲ್ಲಿ ಗುಮಾಸ್ತರು. ಸ್ಟೇಷನ್ನಿನ ಹಿಂದೆಯೇ ಮನೆ. ಬೆಳಗ್ಗೆ ಒಗೆದು ಹಾಕಿದ ಬಿಳಿ ಬಟ್ಟೆ ಸಂಜೆಗೆ ಇಂಜಿನ್ನಿನ ಹೊಗೆ ಕುಡಿದು ಬೂದಿಯ ಬಣ್ಣಕ್ಕೆ ತಿರುಗುತ್ತಿತ್ತು. ಮದುವೆಯಾದ ಎರಡನೆಯ ವರ್ಷ, ಐವತ್ತೇಳನೇ ಇಸವಿಯಲ್ಲಿ, ಚೊಚ್ಚಲ ಹೆರಿಗೆಗೆ ತವರಿಗೆ ಹೋದೆ. ಗಂಡು ಮಗು.

ನಮ್ಮ ಕಡೆ ಬಾಣಂತಿಯ ಹೊಟ್ಟೆಗೆ ಬಟ್ಟೆ ಬಿಗಿಯುತ್ತಾರೆ. ಹಳೆಯ ಪಂಚೆಯನ್ನು ಉದ್ದಕ್ಕೆ ಸೀಳಿ, ಎದೆಯ ಕೆಳಗಿನಿಂದ ಸೊಂಟದವರೆಗೆ ಸುತ್ತಿ, ಮಂಡಿ ಊರಿ ಎಳೆದು ಗಂಟು ಹಾಕುವುದು. ನನಗೆ ಕಟ್ಟಿದವರು ನಮ್ಮಪ್ಪನ ತಾಯಿ, ನಾವೆಲ್ಲ ದೊಡ್ಡವ್ವ ಎಂದು ಕರೆಯುತ್ತಿದ್ದವರು. ಪ್ರತಿದಿನ ಎಣ್ಣೆನೀರು ಹಾಕಿದ ಮೇಲೆ ಹೊಸದಾಗಿ ಬಿಗಿಯುತ್ತಾ ಒಂದೇ ಮಾತು ಹೇಳುತ್ತಿದ್ದರು: "ನಾನು ಬಿಚ್ಚು ಅನ್ನೋಗಂಟ ಬಿಚ್ಬ್ಯಾಡ ಕಣವ್ವ. ಇಂಗೇ ಇರ್ಲಿ. ಬಿಚ್ಚುದ್ರೆ ಒಟ್ಟೆ ಒಳೀಕೆ ಗಾಳಿ ತುಂಬ್ಕಂತದೆ."

ಇಪ್ಪತ್ತೆರಡನೆಯ ದಿನ ಮಗುವಿಗೆ ಜ್ವರ ಬಂತು. ಮಾರನೆಯ ದಿನ ಇರಲಿಲ್ಲ. ತೊಟ್ಟಿಲಿಗೆ ಹಾಕಿರಲಿಲ್ಲ, ಹೆಸರಿಟ್ಟಿರಲಿಲ್ಲ. ಹೆಸರಿಲ್ಲದ್ದನ್ನು ಏನೆಂದು ಕರೆದು ಅಳುವುದು? ಆ ಕೊರಗಿನಲ್ಲೇ ದೊಡ್ಡವ್ವ ಹಾಸಿಗೆ ಹಿಡಿದವರು ಮತ್ತೆ ಏಳಲಿಲ್ಲ. ಒಂದೇ ತಿಂಗಳಲ್ಲಿ ಎರಡು ಸಾವು ಕಂಡ ಮನೆಯಲ್ಲಿ ಬಾಣಂತಿಯ ಕಡೆ ಗಮನ ಕೊಡುವವರು ಯಾರು? ನನ್ನನ್ನು ಯಶವಂತಪುರಕ್ಕೆ ಕಳಿಸಿಬಿಟ್ಟರು. ಬಟ್ಟೆ ಹೊಟ್ಟೆಗೆ ಕಟ್ಟಿದ ಹಾಗೆಯೇ ಇತ್ತು.

ಬಿಚ್ಚು ಎನ್ನಲು ಯಾರೂ ಇರಲಿಲ್ಲ. ನಾನೇ ದಿನಾ ಸ್ನಾನವಾದ ಮೇಲೆ ಮತ್ತೆ ಸುತ್ತಿಕೊಂಡು, ಒಂದು ತುದಿಯನ್ನು ಬಾಗಿಲ ಅಗುಳಿಗೆ ಸಿಕ್ಕಿಸಿ ಎಳೆದು ಬಿಗಿದುಕೊಳ್ಳುತ್ತಿದ್ದೆ. ಯಜಮಾನರು ಅದನ್ನು ಹೆಂಗಸರ ಸಂಗತಿ ಎಂದು ಬಿಟ್ಟರು. ಅತ್ತೆ ಅದು ನನ್ನ ತವರಿನವರ ಪದ್ಧತಿ ಎಂದು ಬಿಟ್ಟರು. ಯಾಕೆ ಬಿಚ್ಚಲಿಲ್ಲ ಎಂದು ಈಗ ಕೇಳಿದರೆ ಹೇಳಬಲ್ಲೆ. ಬಿಚ್ಚಿದರೆ ಬಾಣಂತನ ಮುಗಿಯಿತು ಎಂದು ಅರ್ಥ. ಅದು ಮುಗಿದರೆ ನನಗೊಂದು ಮಗು ಹುಟ್ಟಿತ್ತು ಎನ್ನುವುದಕ್ಕೆ ಮೈಮೇಲೆ ಬೇರೆ ಯಾವ ಗುರುತೂ ಉಳಿಯುತ್ತಿರಲಿಲ್ಲ.

ಮಾರನೆಯ ವರ್ಷ ಕೆಮ್ಮು ಶುರುವಾಯಿತು. ಮೊದಲು ನೆಗಡಿಯಂತೆ ಬಂದು, ಆಮೇಲೆ ಎದೆಯಲ್ಲಿ ಬೆಕ್ಕಿನ ಮರಿ ಇಟ್ಟುಕೊಂಡ ಹಾಗೆ ಗುರುಗುರು. ಮಲಗಲು ಆಗದು, ಗೋಡೆಗೆ ದಿಂಬು ಒರಗಿಸಿ ಕೂತೇ ಕಣ್ಣು ಮುಚ್ಚಬೇಕು. ಆ ಕಾಲದಲ್ಲಿ ಕೆಮ್ಮು ತಿಂಗಳು ದಾಟಿತೆಂದರೆ ಜನರ ಬಾಯಲ್ಲಿ ಬರುತ್ತಿದ್ದದ್ದು ಒಂದೇ ಕಾಯಿಲೆ, ಕ್ಷಯ. ಅತ್ತೆ ಏನೂ ಮಾತಾಡದೆ ನನ್ನ ಲೋಟವನ್ನೂ ತಟ್ಟೆಯನ್ನೂ ಬೇರೆ ಗೂಡಿನಲ್ಲಿ ಇಟ್ಟರು. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ನನಗೆ ಮೂಗಿನ ತುದಿಯಲ್ಲೇ ಕೋಪ. ಆದರೆ ಆ ಲೋಟ ನೋಡಿದಾಗ ಕೋಪವೂ ಬರಲಿಲ್ಲ.

ಸರ್ಕಾರಿ ಆಸ್ಪತ್ರೆಯ ಕಲ್ಲುಬೆಂಚಿನ ಮೇಲೆ ನಾನು ಕಳೆದ ದಿನಗಳನ್ನು ಜೋಡಿಸಿದರೆ ಒಂದು ಸಣ್ಣ ಆಯುಸ್ಸು ಆದೀತು. ಔಷಧಿಗೆ ಬಾಟಲಿ ನಾವೇ ಒಯ್ಯಬೇಕು. ಎಲ್ಲರ ಮಡಿಲಲ್ಲೂ ಒಂದೊಂದು ಬಾಟಲಿ. ಮುಚ್ಚಳವಿಲ್ಲದವರು ಕಾಗದ ಸುರುಳಿ ಮಾಡಿ ಬಾಯಿಗೆ ತುರುಕಿರುತ್ತಿದ್ದರು. ಪಕ್ಕದಲ್ಲಿ ಕೂತವರು ಒಬ್ಬರ ಕೆಮ್ಮನ್ನು ಒಬ್ಬರು ಅಳೆಯುತ್ತಿದ್ದರು, ನನ್ನದಕ್ಕಿಂತ ಇವಳದು ಜೋರೋ ಮೆತ್ತಗೋ ಎಂದು. ಎಕ್ಸ್‌ರೇ ತೆಗೆದ ಮೇಲೆ ಫಲಿತಾಂಶಕ್ಕೆ ಒಂಬತ್ತು ದಿನ ಕಾದೆವು. ಆ ಒಂಬತ್ತು ದಿನ ಯಜಮಾನರು ಮನೆಗೆ ಬಂದವರು ನೇರ ನನ್ನ ಪಕ್ಕದಲ್ಲೇ ಕೂತು, ನನ್ನ ಲೋಟದಲ್ಲೇ ನೀರು ಕುಡಿಯುತ್ತಿದ್ದರು. ಅತ್ತೆಗೆ ಕಾಣುವ ಹಾಗೆ. ಅವರು ಬಾಯಿಬಿಟ್ಟು ಪ್ರೀತಿ ಹೇಳಿದವರಲ್ಲ. ನನಗೆ ಆ ನೀರು ಸಾಕು.

ಕ್ಷಯ ಅಲ್ಲ, ಉಬ್ಬಸ ಎಂದರು. ಅತ್ತೆ ಅಂದೇ ಆಂಜನೇಯನಿಗೆ ಕಾಯಿ ಒಡೆಸಿ, ನನ್ನ ಲೋಟವನ್ನು ತಂದು ಉಳಿದವುಗಳ ಜೊತೆ ಇಟ್ಟರು. ನಾನೂ ನಗುತ್ತಿದ್ದೆ. ಅಷ್ಟರಲ್ಲಿ ಲೇಡಿ ಡಾಕ್ಟರು ಚೀಟಿ ಬರೆಯುತ್ತಾ ತಲೆ ಎತ್ತದೆ ಹೇಳಿದ್ದ ಮಾತು ನೆನಪಾಯಿತು. ನಾನೇ ಕೇಳಿದ್ದೆ, ಮುಂದೆ ಮಕ್ಕಳಾಗಬಹುದಾ ಎಂದು.

"ಆಗಬಹುದಮ್ಮ. ಆದರೆ ಈಗ ಬೇಡ. ಕೂತಲ್ಲೇ ಉಸಿರು ಸಾಲ್ತಾ ಇಲ್ಲ ನಿಮಗೆ, ಇನ್ನೊಂದು ಜೀವಕ್ಕೆ ಎಲ್ಲಿಂದ ತರ್ತೀರಿ? ಮೊದಲು ಇದು ಹತೋಟಿಗೆ ಬರ್ಲಿ, ಆಮೇಲೆ ನೋಡೋಣ."

ಅಲ್ಲಿಂದ ನನಗೆ ಬೇಕಾಗಿದ್ದದ್ದು ಅದೊಂದೇ. ಕಾಯಿಲೆ ವಾಸಿಯಾಗಲಿ ಎಂದು ನಾನು ದೇವರನ್ನು ಕೇಳಲಿಲ್ಲ. ಇಬ್ಬರಿಗೆ ಆಗುವಷ್ಟು ಉಸಿರು ಕೊಡು ಎಂದು ಕೇಳಿದೆ. ಮಾತ್ರೆ ನುಂಗಿದರೆ ಎದೆ ಡವಡವ ಹೊಡೆದುಕೊಂಡು ಕೈ ನಡುಗುತ್ತಿತ್ತು. ಯಾರೋ ಹೇಳಿದರೆಂದು ಯಜಮಾನರು ಆಗ ಉಬ್ಬಸಕ್ಕೆಂದೇ ಮಾರುತ್ತಿದ್ದ ಔಷಧಿ ಸಿಗರೇಟು ತಂದರು; ಅಡಿಗೆಮನೆಯಲ್ಲಿ ಕೂತು ಸೊಸೆ ಹೊಗೆ ಬಿಡುವುದನ್ನು ಕಂಡ ಅತ್ತೆ, "ಇನ್ನು ಪಂಚೆ ಒಂದು ಉಟ್ಬಿಡು, ಪೂರ್ತಿ ಗಂಡಸಾಗ್ತೀಯ" ಎಂದರು. ನಾನು ಕೆಮ್ಮುತ್ತಲೇ ನಕ್ಕೆ. ಆ ಪೊಟ್ಟಣ ಅಲ್ಲಿಗೇ ನಿಂತಿತು.

ಐವತ್ತೊಂಬತ್ತನೇ ಇಸವಿಯಲ್ಲಿ ಅತ್ತೆಯ ಹಲ್ಲುಗಳು ಕೈಕೊಟ್ಟವು. ಪೇಟೆ ಬೀದಿಯಲ್ಲಿ ಚೀನೀ ಹಲ್ಲಿನವರ ಅಂಗಡಿ ಇತ್ತು. ಬೋರ್ಡಿನ ಮೇಲೆ ಒಂದು ಜೊತೆ ಗುಲಾಬಿ ಬಣ್ಣದ ಒಸಡು, ನಗುವ ಹಲ್ಲು. ಅಂಗಡಿಯವರು ಐವತ್ತರ ಹತ್ತಿರದವರು, ನಮ್ಮಂತೆಯೇ ಕನ್ನಡ ಮಾತಾಡುತ್ತಿದ್ದರು. ಹಲ್ಲಿನ ಸೆಟ್ಟಿಗೆ ಏಳೆಂಟು ಸಲ ಹೋಗಬೇಕಿತ್ತು, ಅತ್ತೆಗೆ ಒಬ್ಬರೇ ಹೋಗಲು ಭಯ. ಹಾಗಾಗಿ ಅಲ್ಲೂ ನನಗೆ ಬೆಂಚು. ಎರಡನೆಯ ಸಲವೋ ಮೂರನೆಯ ಸಲವೋ, ಒಳಗೆ ಕಟ್ಟುಹಲ್ಲು ಮಸೆಯುವ ಯಂತ್ರದಿಂದ ಎದ್ದ ಪುಡಿಯ ವಾಸನೆಗೆ ನನ್ನ ಎದೆ ಕಟ್ಟಿತು. ಬೆಂಚಿನ ಅಂಚು ಹಿಡಿದು ಬಗ್ಗಿ ಕೂತಿದ್ದೆ. ಆಗ ಒಳಗಿನಿಂದ ಒಬ್ಬ ಮುದುಕಿ ಬಂದರು. ಅಂಗಡಿಯವರ ತಾಯಿ. ಕರಿಯ ಪೈಜಾಮ, ಗಿಡ್ಡ ಕೂದಲು. ಏನೂ ಕೇಳದೆ ನನ್ನ ರಟ್ಟೆ ಹಿಡಿದು ಹಿತ್ತಲಿಗೆ ಕರೆದುಕೊಂಡು ಹೋದರು. ಅಲ್ಲಿ ಒಂದು ಹೊಂಗೆ ಮರ, ಬಟ್ಟೆ ಒಗೆಯುವ ಕಲ್ಲು. ಕಲ್ಲಿನ ಮೇಲೆ ಕೂರಿಸಿ ತುಟಿ ಸಣ್ಣಗೆ ಮಾಡಿ ತೋರಿಸಿದರು.

"ಬಿಸಿ ಗಂಜಿ ಆರ್ಸು. ಮೆತ್ತಗೆ. ಗಂಜಿ ಚೆಲ್ಬಾರ್ದು."

ನಾನು ಊದಿದೆ. ಮುಗಿಯಿತು ಎಂದುಕೊಂಡಾಗ "ಇನ್ನೂ ಇದೆ, ಬಿಡು" ಎಂದರು. ಬಿಟ್ಟೆ. "ಈಗ ಎಳೀಬೇಡ. ಬಾಗ್ಲು ತೆಗೆದಿಡು, ತಾನೇ ಬರುತ್ತೆ." ಬಂತು. ಎಷ್ಟೋ ದಿನದ ಮೇಲೆ, ಜಗಳವಾಡದೆ ಒಂದು ಉಸಿರು ತಾನಾಗಿ ಒಳಗೆ ಬಂತು. ಆ ಮುದುಕಿ ತರಕಾರಿಯವಳಿಂದ ಕಲಿತ ಕನ್ನಡ ಮಾತಾಡುತ್ತಿದ್ದರು. ಎಲ್ಲರಿಗೂ ಏಕವಚನವೇ, ಪೊಲೀಸರಿಗೂ.

ಅತ್ತೆಯ ಹಲ್ಲಿನ ಕೆಲಸ ಮುಗಿದ ಮೇಲೂ ನಾನು ಹೋಗುತ್ತಿದ್ದೆ. ಬೆಳಗ್ಗೆ ಯಜಮಾನರು ಕೆಲಸಕ್ಕೆ ಹೋದ ಮೇಲೆ ಅರ್ಧ ಗಂಟೆ. ಅಜ್ಜಿ ಮೊದಲು ನನಗೆ ನಿಲ್ಲುವುದನ್ನು ಕಲಿಸಿದರು. ಇಪ್ಪತ್ತೊಂದು ವರ್ಷದಿಂದ ನಿಂತಿದ್ದೇನೆ, ಇದನ್ನೇನು ಕಲಿಯುವುದು ಎಂದು ನನಗೆ ಒಳಗೊಳಗೇ ತಮಾಷೆ. ಆದರೆ ನನ್ನ ನಿಲುವಿನಲ್ಲಿ ಸರಿಯಾದದ್ದು ಒಂದೂ ಇರಲಿಲ್ಲ. ಪಾದಗಳ ನಡುವೆ ಭುಜದಷ್ಟು ಅಂತರ ಬಿಡಿಸಿದರು. ಹೆಣ್ಣುಮಗಳು ಕಾಲಗಲಿಸಿ ನಿಲ್ಲಬಾರದು ಎಂದು ಬೆಳೆದ ನನಗೆ ಅದೇ ಮೊದಲ ನಾಚಿಕೆ. ಮಂಡಿಯ ಹಿಂದೆ ಬೆರಳಿಂದ ತಿವಿದು "ಬಿಗಿ ಬೇಡ" ಎಂದರು. ತಲೆ ಹೇಗಿರಬೇಕು ಎಂದರೆ, "ನೀರು ಹೊರ್ತೀಯಲ್ಲ, ಹಂಗೇ. ಕೊಡ ಇಲ್ಲ, ಅಷ್ಟೇ." ನನ್ನ ಭುಜಗಳು ಯಾವಾಗಲೂ ಕಿವಿಯ ಹತ್ತಿರ ಹೋಗಿ ಕೂತಿರುತ್ತಿದ್ದವು. ಅವುಗಳ ಮೇಲೆ ಕೈಯಿಟ್ಟು, "ಯಾರು ಬೈದ್ರು ನಿನ್ನ? ಇಳ್ಸು" ಎನ್ನುತ್ತಿದ್ದರು. ದವಡೆ ಕಚ್ಚಿ ಹಿಡಿದರೆ, "ಹಲ್ಲು ಹೋಗುತ್ತೆ. ನನ್ ಮಗನಿಗೆ ಲಾಭ" ಎನ್ನುತ್ತಿದ್ದರು. ನಾಲಗೆಯ ತುದಿ ಮೇಲಿನ ಹಲ್ಲಿನ ಹಿಂದೆ ಮೆತ್ತಗೆ ತಾಗಿರಬೇಕು, ಕಣ್ಣು ಅರ್ಧ ಮುಚ್ಚಿರಬೇಕು. ಉಂಡ ಕೂಡಲೇ ನಿಲ್ಲಬಾರದು, ಹಸಿದೂ ನಿಲ್ಲಬಾರದು, ಬೆನ್ನಿಗೆ ಗಾಳಿ ಹೊಡೆಯುವಾಗ ನಿಲ್ಲಬಾರದು. ಕೋಪ ಬಂದಾಗ ನಿಲ್ಲಲೇಬಾರದು. ಈ ಕೊನೆಯದು ನನಗೆ ಬಹಳ ದಿನ ರಜೆ ಕೊಡಿಸಿತು.

ಒಂದು ದಿನ ಎದೆ ಕಟ್ಟಿದ್ದರೂ ಹಟ ಹಿಡಿದು ನಿಂತಿದ್ದೆ, ಮಾತ್ರೆ ಬಿಟ್ಟು. ಅಜ್ಜಿ ಎಂದೂ ಇಲ್ಲದ ಹಾಗೆ ಗದರಿದರು. "ಮಾತ್ರೆ ನುಂಗು! ನಿಲ್ಲೋದು ಮಾತ್ರೆ ಅಲ್ಲ." ಇದನ್ನು ಓದುವ ಉಬ್ಬಸದವರಿಗೂ ನಾನು ಹೇಳುವುದು ಅದೇ.

ಉಸಿರು ಹೊಟ್ಟೆಯವರೆಗೆ ಇಳಿಯಬೇಕು ಎನ್ನುತ್ತಿದ್ದರು. ನನ್ನದು ಎದೆಯಲ್ಲೇ ನಿಲ್ಲುತ್ತಿತ್ತು. ವಾರಗಟ್ಟಲೆ ನೋಡಿದ ಮೇಲೆ ಒಂದು ಬೆಳಗ್ಗೆ ತಮ್ಮ ಅಂಗೈಯನ್ನು ಸೀರೆಯ ಮೇಲಿಂದ ನನ್ನ ಹೊಕ್ಕುಳ ಕೆಳಗೆ ಇಟ್ಟರು. ಇಟ್ಟವರು ಹುಬ್ಬು ಗಂಟಿಕ್ಕಿದರು.

"ಇಲ್ಲಿ ಗೋಡೆ ಇದೆ. ಏನಿದು?"

"ಬಾಣಂತಿ ಕಟ್ಟು ಅಜ್ಜಿ."

"ಮಗು ಎಲ್ಲಿ?"

ಹೇಳಿದೆ. ಅವರು ಎಷ್ಟು ದಿನವಾಯಿತು ಎಂದರು. ಎರಡು ವರ್ಷ ಎಂದೆ.

"ಯಾರು ಬಿಚ್ಬೇಕು?"

"ಕಟ್ಟಿದವರು ಬಿಚ್ಚು ಅನ್ಬೇಕು."

"ಅವ್ರು?"

"ಅವರೂ ಹೋದ್ರು."

ಅಜ್ಜಿ ನನ್ನ ಹೊಟ್ಟೆಯ ಮೇಲಿಂದ ಕೈ ತೆಗೆದರು. ಆಮೇಲೆ, ಅಂಗಡಿಗೆ ಬಂದವರ ಹತ್ತಿರ ಏನೋ ಸಾಮಾನು ಸಿಗುತ್ತಾ ಎಂದು ಕೇಳುವಷ್ಟು ಸರಳವಾಗಿ ಕೇಳಿದರು: "ನಾನೂ ಮುದುಕಿ. ನಾನು ಹೇಳಿದ್ರೆ ಆಗುತ್ತಾ?"

ಶಾಸ್ತ್ರದಲ್ಲಿ ಆಗುತ್ತದೋ ಇಲ್ಲವೋ ನನಗೆ ಇಂದಿಗೂ ಗೊತ್ತಿಲ್ಲ. ಆಗುತ್ತೆ ಎಂದೆ.

"ಬಿಚ್ಚು."

ಒಳಕೋಣೆಗೆ ಹೋಗಿ ಬಿಚ್ಚಿದೆ. ಬಟ್ಟೆಯ ಗೆರೆಗಳು ಚರ್ಮದಲ್ಲಿ ಕಂದಾಗಿ ಕೂತಿದ್ದವು. ಹೊಟ್ಟೆ ತಾನಾಗಿ ಮುಂದೆ ಬಂತು, ಉಸಿರು ಅದರ ಹಿಂದೆಯೇ ಇಳಿಯಿತು. ಅಲ್ಲಿಯೇ ಕುಕ್ಕರುಗಾಲಿನಲ್ಲಿ ಕೂತು ಅತ್ತುಬಿಟ್ಟೆ. ಮಗು ಹೋದಾಗ ಅಷ್ಟು ಅತ್ತಿರಲಿಲ್ಲ. ಅಜ್ಜಿ ಹೊರಗೆ ಬಟ್ಟೆ ಒಣಹಾಕುತ್ತಾ ಬೇಕೆಂದೇ ಬಕೀಟಿನ ಸದ್ದು ಮಾಡುತ್ತಿದ್ದರು, ನನ್ನ ಅಳು ಅಂಗಡಿಯವರೆಗೆ ಕೇಳದಿರಲಿ ಎಂದು.

ಕಟ್ಟು ಬಿಚ್ಚಿದ್ದಕ್ಕೆ ಉಬ್ಬಸ ಹೋಯಿತು ಎಂದು ಯಾರೂ ತಿಳಿಯಬಾರದು. ಹೋಗಲಿಲ್ಲ. ಮಳೆಗಾಲದಲ್ಲಿ, ರಾಗಿ ಒಕ್ಕಣೆಯ ಧೂಳಿನಲ್ಲಿ ಮತ್ತೆ ಬರುತ್ತಿತ್ತು, ಮತ್ತೆ ಆಸ್ಪತ್ರೆ, ಮತ್ತೆ ಸೂಜಿ. ಆದರೆ ಬಂದಾಗ ಹೆದರಿ ಸಾಯುವುದು ಕಡಿಮೆಯಾಯಿತು. ಹೆದರಿಕೆ ಕಡಿಮೆಯಾದರೆ ಅರ್ಧ ಉಬ್ಬಸ ಕಡಿಮೆ.

ಇನ್ನೊಂದು ನಿಲುವು ಇತ್ತು. ಎರಡೂ ಕೈಗಳನ್ನು ಎದೆಯ ಮುಂದೆ ದುಂಡಗೆ ಹಿಡಿಯುವುದು. ಅಜ್ಜಿಗೆ ಅದನ್ನು ಕನ್ನಡದಲ್ಲಿ ಹೇಳಲು ಪದ ಸಿಗಲಿಲ್ಲ. "ಮಗು ಎತ್ಕೊಂಡಿದೀಯ ಅಂದ್ಕೊ" ಎಂದರು. ಆ ಮಾತು ಬಾಯಿಂದ ಬಂದ ಮೇಲೆಯೇ ಅವರಿಗೆ ಗೊತ್ತಾಗಿದ್ದು. ನಾನು ಕೈ ಕೆಳಗೆ ಬಿಟ್ಟು, ಚಪ್ಪಲಿಯನ್ನೂ ಮೆಟ್ಟದೆ ಮನೆಗೆ ಬಂದುಬಿಟ್ಟೆ. ಎಂಟು ದಿನ ಆ ಕಡೆ ತಲೆ ಹಾಕಲಿಲ್ಲ. ಒಂಬತ್ತನೆಯ ದಿನ ಅತ್ತೆ ಹೊಸ ಹಲ್ಲಿನಲ್ಲಿ ಚಕ್ಕುಲಿ ಕಡಿಯುತ್ತಾ ಹೇಳಿದರು:

"ಹೋಗಮ್ಮ ತಾಯಿ, ಆ ಮುದುಕಿ ಹತ್ರ ಹೋಗು. ನೀನು ಪಾತ್ರೆ ಕುಕ್ಕೋ ಸದ್ದಿಗೆ ನನ್ ಹಲ್ಲಿನ ಸೆಟ್ಟೇ ಅಲ್ಲಾಡ್ತಿದೆ."

ಹೋದೆ. ಅಜ್ಜಿ ನನ್ನ ಚಪ್ಪಲಿಯನ್ನು ಒರೆಸಿ ಗೂಟದ ಕೆಳಗೆ ಇಟ್ಟಿದ್ದರು. "ತಪ್ಪು ಹೇಳ್ದೆ. ರಾಗಿ ಗುಡಾಣ ತಬ್ಬು. ಗುಡಾಣ ಒಳ್ಳೇದು" ಎಂದರು.

"ಬೇಡ ಅಜ್ಜಿ, ಮಗೂನೇ ಇರ್ಲಿ" ಎಂದೆ.

ಅಂದಿನಿಂದ ಹಾಗೆಯೇ ನಿಂತೆ. ಮೊದಮೊದಲು ತೋಳು ನಡುಗುತ್ತಿತ್ತು. ನಡುಗಿದರೆ ಇಳಿಸು, ಇಳಿಸಿ ಮತ್ತೆ ಎತ್ತು ಎನ್ನುತ್ತಿದ್ದರು. ಬಿಗಿಹಿಡಿದ ತೋಳಿನಲ್ಲಿ ಯಾವ ಮಗುವೂ ಮಲಗದು, ಮೊಣಕೈ ಭಾರವಾಗಿರಲಿ, ಬೆರಳು ಸಡಿಲವಾಗಿರಲಿ. ಹೀಗೆ ನಿಂತ ಬೆಳಗುಗಳಲ್ಲಿ ನನಗೆ ಆ ಮಗುವಿನ ತೂಕ ನಿಜಕ್ಕೂ ನೆನಪಾಗುತ್ತಿತ್ತು. ದುಃಖವೇ, ಆದರೆ ಎದೆ ಕಟ್ಟುವ ದುಃಖವಲ್ಲ. ಮುಗಿದ ಮೇಲೆ ಅಂಗೈ ಉಜ್ಜಿ ಬಿಸಿ ಮಾಡಿಕೊಂಡು ಮುಖಕ್ಕೆ ಒತ್ತಿಕೊಳ್ಳುವುದು, ಬಿಸಿನೀರು ಕುಡಿಯುವುದು. ಅಜ್ಜಿ ಒಮ್ಮೊಮ್ಮೆ ತಾವು ಹುಟ್ಟಿದ ಊರಿನ ನದಿಯ ಬಗ್ಗೆ ಹೇಳುತ್ತಿದ್ದರು. ಹದಿನೇಳನೆಯ ವಯಸ್ಸಿಗೆ ಬಿಟ್ಟು ಬಂದದ್ದಂತೆ. "ಹೋಗಲ್ವಾ ಅಜ್ಜಿ?" ಎಂದರೆ, "ನಿಂಗೆ ಪುಟ್ಟೇನಹಳ್ಳಿ ಎರಡು ಸ್ಟೇಷನ್. ನಂಗೆ ಲೆಕ್ಕ ಇಲ್ಲ" ಎನ್ನುತ್ತಿದ್ದರು. ತವರಿನ ವಿಷಯದಲ್ಲಿ ನಾವಿಬ್ಬರೂ ಒಂದೇ ವಯಸ್ಸಿನವರು.

ಅರವತ್ತೆರಡರ ಬೇಸಿಗೆಯಲ್ಲಿ ಲೇಡಿ ಡಾಕ್ಟರು ನನ್ನ ಬೆನ್ನಿಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿಸಿಕೊಂಡರು. "ಈಗ ಆಗಬಹುದಮ್ಮ" ಎಂದರು. ಬೆಂಚಿನಲ್ಲಿದ್ದ ಅಷ್ಟೂ ಜನರಿಗೆ ಕೂಗಿ ಹೇಳಬೇಕೆನಿಸಿತು.

ಆ ವರ್ಷ ದಸರೆಯ ಹೊತ್ತಿಗೆ ಮುಟ್ಟು ನಿಂತಿತು. ಮನೆಯಲ್ಲಿ ಮೊದಲು ತಿಳಿದದ್ದು ಅತ್ತೆಗೆ. ದೇವರ ಮುಂದೆ ಕರೆದುಕೊಂಡು ಹೋಗಿ ನನ್ನ ಕೈಯನ್ನು ದೀಪದ ಮೇಲೆ ಹಿಡಿಸಿದರು.

"ಮೂರು ತಿಂಗ್ಳು ತುಂಬೋವರೆಗೂ ಒಬ್ಬರ ಮುಂದೂ ಬಾಯಿ ಬಿಡ್ಬಾರ್ದು. ನಿಮ್ಮಮ್ಮನಿಗೂ ಹೇಳ್ಬೇಡ. ಹೋದ್ಸಲ ಊರೆಲ್ಲಾ ಡಂಗುರ ಹೊಡ್ಕೊಂಡು ಬಂದೆ, ಏನಾಯ್ತು? ಯಾರಾದ್ರೂ ಕೇಳಿದ್ರೆ ಇಲ್ಲ ಅನ್ನು. ಆಣೆ ಮಾಡು."

ಮಾಡಿದೆ. ಹೋದ ಸಲ ನಾನು ಎರಡನೇ ತಿಂಗಳಿಗೇ ಬಾವಿಕಟ್ಟೆಯಲ್ಲೆಲ್ಲ ಹೇಳಿಕೊಂಡು ಬಂದದ್ದು ನಿಜ. ಅದಕ್ಕೇ ಮಗು ಹೋಯಿತು ಎಂದು ನಾನೂ ಒಳಗೊಳಗೆ ನಂಬಿದ್ದೆ. ಮೂರು ತಿಂಗಳು ತುಂಬಿದ ದಿನ ಮೊಟ್ಟಮೊದಲು ಅಜ್ಜಿಗೆ ಹೇಳುವುದು, ಆಮೇಲೆ ಅವ್ವನಿಗೆ ಎಂದು ಲೆಕ್ಕ ಹಾಕಿಕೊಂಡೆ.

ಅಷ್ಟರಲ್ಲಿ ಚೀನದ ಜೊತೆ ಯುದ್ಧ ಶುರುವಾಯಿತು. ಪೇಟೆ ಬೀದಿ ಒಂದೇ ವಾರದಲ್ಲಿ ಬೇರೆ ಬೀದಿಯಾಯಿತು. ಹಲ್ಲಿನ ಬೋರ್ಡಿಗೆ ಯಾರೋ ಟಾರು ಬಳಿದರು. ಅರ್ಧ ಕಟ್ಟಿದ ಹಲ್ಲನ್ನು ಅಲ್ಲೇ ಬಿಟ್ಟು ಗಿರಾಕಿಗಳು ಮಾಯವಾದರು. ಅಂಗಡಿಯವರು ಠಾಣೆಗೆ ಹೋಗಿ ಸಹಿ ಹಾಕಿ ಬರಬೇಕಂತೆ, ಊರು ಬಿಟ್ಟು ಕದಲಬಾರದಂತೆ. ಯಜಮಾನರು ಒಂದು ಸಂಜೆ ಪಕ್ಕದಲ್ಲಿ ಕೂತು ಮೆತ್ತಗೆ ಹೇಳಿದರು, "ನೋಡು, ನಾನು ರೈಲ್ವೆ ನೌಕರ. ಶೆಡ್ಡಲ್ಲಿ ಆಗ್ಲೇ ಒಬ್ರು ಕೇಳಿದ್ರು, ನಿಮ್ಮ ಮನೆಯವರು ಅಲ್ಲಿಗೆ ಯಾಕೆ ಹೋಗ್ತಾರೆ ಅಂತ. ಸ್ವಲ್ಪ ದಿನ ಬೇಡ." ಹತ್ತು ದಿನ ಹೋಗಲಿಲ್ಲ. ಆಮೇಲೆ ತಡೆಯಲಾರದೆ ಸಂದಿಯ ಕಡೆಯಿಂದ ಹಿತ್ತಲಿಗೆ ಹೋದೆ.

ಅಜ್ಜಿ ಮರದ ಕೆಳಗೆ ಒಬ್ಬರೇ ನಿಂತಿದ್ದರು. ನನ್ನನ್ನು ಕಂಡು ಏನೂ ಆಗಿಲ್ಲವೆಂಬಂತೆ ಪಕ್ಕದಲ್ಲಿ ಜಾಗ ತೋರಿಸಿದರು. ಇಬ್ಬರೂ ನಿಂತೆವು. ಸ್ವಲ್ಪ ಹೊತ್ತಿಗೆ ಅವರು ಕೈ ಇಳಿಸಿ, ನನ್ನ ಮುಖವನ್ನೇ ನೋಡಿದರು. ನನ್ನ ಉಸಿರಿನಲ್ಲಿ ಏನು ಕಂಡರೋ.

"ಜಯಾ, ಹೊಟ್ಟೇಲಿ ಏನಾದ್ರೂ ಇದೆಯಾ?"

ಮೂರು ತಿಂಗಳು ತುಂಬಲು ಇನ್ನೂ ಹದಿನಾರು ದಿನ ಇತ್ತು.

"ಇದ್ರೆ ಬೇರೆ ಥರ ನಿಲ್ಬೇಕು. ಬೇರೆ ಥರ ಉಸಿರು. ಹೇಳ್ಕೊಡ್ತೀನಿ" ಎಂದರು.

"ಏನೂ ಇಲ್ಲ ಅಜ್ಜಿ" ಎಂದೆ.

ನಾನು ಮರದ ಬುಡ ನೋಡುತ್ತಿದ್ದೆ. "ಆಯ್ತು. ಹಂಗಾದ್ರೆ ಹಂಗೇ ನಿಲ್ಲು" ಎಂದು ತಿರುಗಿ ತಮ್ಮ ಜಾಗಕ್ಕೆ ಹೋದರು. ಬೇಸರವಾಯಿತೋ, ನಂಬಿದರೋ ಗೊತ್ತಿಲ್ಲ. ಊರೆಲ್ಲ ಅವರಿಗೆ ಮುಖ ತಿರುಗಿಸಿದ್ದ ವಾರಗಳು ಅವು. ಇವಳೂ ನನ್ನನ್ನು ಹೊರಗಿಟ್ಟಳು ಎಂದುಕೊಂಡರೇನೋ ಎಂದು ನೆನೆದರೆ ಈಗಲೂ ನನ್ನ ಎದೆ ಬಿಗಿಯುತ್ತದೆ. ಅದು ಉಬ್ಬಸವಲ್ಲ.

ಮೂರು ತಿಂಗಳು ತುಂಬಿದ ದಿನ ತಲೆಗೆ ನೀರು ಹಾಕಿಕೊಂಡು, ಸಜ್ಜಿಗೆ ಮಾಡಿ ಬಟ್ಟಲಲ್ಲಿ ಮುಚ್ಚಿಕೊಂಡು ಹೋದೆ. ಅತ್ತೆಯೇ ಹೋಗು ಎಂದರು, ಆಣೆ ತೀರಿತಲ್ಲ. ಅಂಗಡಿಗೆ ಬೀಗ ಬಿದ್ದಿತ್ತು. ಹಿತ್ತಲ ಬಾಗಿಲಿಗೂ ಬೀಗ. ಪಕ್ಕದ ಸೈಕಲ್ ಶಾಪಿನವರು ಟ್ಯೂಬಿಗೆ ಪ್ಯಾಚು ಹಾಕುತ್ತಿದ್ದವರು ತಲೆ ಎತ್ತಿದರು.

"ನಿನ್ನೆ ಬೆಳಗ್ಗೆ ಕರ್ಕೊಂಡ್ ಹೋದ್ರಮ್ಮ, ಪೊಲೀಸ್ ವ್ಯಾನಲ್ಲಿ. ಕಲ್ಕತ್ತಾ ಕಡೆಗೆ ಅಂತಾರೆ, ಚೀನೀಯರನ್ನ ಕೂಡಿಡೋ ಯಾವ್ದೋ ಕ್ಯಾಂಪಿಗೆ ಅಂತಾನೂ ಅಂತಾರೆ. ಯಾರಿಗ್ ಗೊತ್ತು."

"ಅಜ್ಜಿ?"

"ಅವ್ರೂನೂ. ಹತ್ತೋಕೆ ಮುಂಚೆ ನನ್ನ ಕೇಳಿದ್ರು, ಜಯಾ ಚೆನ್ನಾಗಿದಾಳಾ ಅಂತ. ಹೂಂ ಅಂದೆ."

ಸಜ್ಜಿಗೆಯ ಬಟ್ಟಲನ್ನು ಅಲ್ಲೇ ಅವರ ಸ್ಟೂಲಿನ ಮೇಲೆ ಇಟ್ಟು ಬಂದೆ.

ಯಜಮಾನರು ಸ್ಟೇಷನ್ನಿನಲ್ಲಿ ಗೊತ್ತಿದ್ದವರನ್ನೆಲ್ಲ ಕೇಳಿದರು. ಬೇಡ ಎಂದಿದ್ದವರೇ, ನನ್ನ ಮುಖ ನೋಡಲಾರದೆ, ಕಲ್ಕತ್ತೆಯ ಗಾರ್ಡುಗಳವರೆಗೂ ಚೀಟಿ ಕಳಿಸಿದರು. ಅಜ್ಜಿಯ ಹೆಸರೇನು ಎಂದು ಆ ಗಾರ್ಡುಗಳು ತಿರುಗಿ ಕೇಳಿದಾಗ ನನ್ನ ಹತ್ತಿರ ಹೇಳಲು ಏನೂ ಇರಲಿಲ್ಲ. ಅಜ್ಜಿ ಎಂಬ ಹೆಸರಿಗೆ ಯಾವ ಊರಿನ ಕಾಗದ ತಲುಪುತ್ತದೆ?

ಆ ಬಸಿರಿನಲ್ಲಿ ನಾಲ್ಕು ಸಲ ಆಸ್ಪತ್ರೆಗೆ ಸೇರಿದೆ. ಒಮ್ಮೆ ಏಳನೇ ತಿಂಗಳಲ್ಲಿ ಉಗುರು ನೀಲಿಯಾಗಿ, ಇಬ್ಬರಲ್ಲಿ ಒಬ್ಬರು ಎಂದು ಡಾಕ್ಟರು ಹೊರಗೆ ಯಜಮಾನರಿಗೆ ಹೇಳುತ್ತಿದ್ದದ್ದು ನನಗೇ ಕೇಳಿಸಿತು. ಬೇರೆ ಥರದ ಉಸಿರು ಎಂದಿದ್ದರಲ್ಲ ಅಜ್ಜಿ, ಅದು ಯಾವ ಥರದ್ದು ಎಂದು ಹಾಸಿಗೆಯಲ್ಲಿ ಒರಗಿ ಕೂ‍ತು ಹುಡುಕಿದೆ. ಮಲಗಿದರೋ, ಕೂತರೋ, ಎಡಕ್ಕೆ ತಿರುಗಿದರೋ? ಸಿಗಲಿಲ್ಲ. ಗೊತ್ತಿದ್ದದ್ದನ್ನೇ ಮಾಡಿದೆ. ಬಿಟ್ಟೆ, ಇನ್ನೂ ಬಿಟ್ಟೆ, ಬಾಗಿಲು ತೆಗೆದಿಟ್ಟು ಕಾದೆ. ಅರವತ್ತಮೂರರ ಜೂನಿನಲ್ಲಿ, ಒಂದು ಮಧ್ಯಾಹ್ನ, ಮಗಳು ಹುಟ್ಟಿದಳು. ಸಣ್ಣ ಮಗು, ದೊಡ್ಡ ಗಂಟಲು. ಅವಳ ಮೊದಲ ಅಳು ಕೇಳಿ ನರ್ಸು, "ಇವಳಿಗೆ ನಿಮ್ಮ ಕಾಯಿಲೆ ಇಲ್ಲ ಬಿಡಿ" ಎಂದು ನಕ್ಕಳು.

ಈಗ ಆ ಮಗಳಿಗೂ ಮಂಡಿನೋವು. ಅವಳ ಮಗಳೇ ನನಗೆ ಫೋನು ತೋರಿಸಿದವಳು. ಅತ್ತೆ ಹೋದರು, ಯಜಮಾನರೂ ಹೋದರು. ಮೂರು ತಿಂಗಳ ಶಾಸ್ತ್ರವನ್ನು ನಾನು ಬೈಯುವುದಿಲ್ಲ, ಹೆದರಿದವರು ಮಾಡಿಕೊಂಡ ಶಾಸ್ತ್ರ ಅದು, ನಾನೂ ಹೆದರಿದ್ದೆ. ಆದರೆ ಆ ದಿನ ಅಜ್ಜಿ ನನ್ನನ್ನು ಕೇಳಿದ್ದು ಒಂದೇ ಒಂದು ಪ್ರಶ್ನೆ. ಹೌದು ಎನ್ನಲು ಎಷ್ಟು ಉಸಿರು ಬೇಕು? ಅಷ್ಟು ನನ್ನ ಹತ್ತಿರ ಇತ್ತು, ಕೊಟ್ಟವರೂ ಆಕೆಯೇ.